ಬೆಸುಗೆಗೆ ಕಣ್ಣಳತೆ ಸಾಲದು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅವರು ಉತ್ಖನನ ನಡೆಸಿದಾಗ ಪುರಾತನ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಉಪಕರಣಗಳು ದೊರೆತವು. ಈ ಸೀಮೆಗೆ ಕಬ್ಬಿಣ ಹೊಸದಲ್ಲ; ಅದರ ಗುಣವನ್ನು ಅಳೆದು ತಿಳಿಯುವ ಅಭ್ಯಾಸ ಮಾತ್ರ ಇನ್ನೂ ಬೆಳೆಯಬೇಕಾಗಿದೆ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಯಂತ್ರದ ಶಾಫ್ಟು ಮುರಿಯಿತೆನ್ನೋಣ. ಬೆಸೆದು, ಉಜ್ಜಿ, ನುಣುಪಾಗಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಇಂಗಾಲ ಹೆಚ್ಚಿರುವ ಉಕ್ಕು ಬೆಸುಗೆಯ ಅಂಚಿನಲ್ಲಿ ಕಾದು ಬೇಗನೆ ತಣಿದರೆ ಅತಿಯಾಗಿ ಗಡಸಾಗುತ್ತದೆ. ಗಡಸಾದುದೆಲ್ಲ ಬಲವಾದುದಲ್ಲ, ಅದು ಬಿರಿಯಬಲ್ಲದು. ಬಿರಿದರೆ ಪಕ್ಕದಲ್ಲಿ ದುಡಿಯುವವನಿಗೆ ಅಪಾಯ. ಕಣ್ಣಿಗೆ ಇದಾವುದೂ ಕಾಣದು.

ಹಾಗೆಂದು ಯಂತ್ರವನ್ನು ಪ್ರಯೋಗಶಾಲೆಗೆ ಹೊತ್ತೊಯ್ಯಬೇಕಾಗಿಲ್ಲ. 1975ರಲ್ಲಿ ಲೀಬ್ ಮತ್ತು ಬ್ರಾಂಡೆಸ್ಟಿನಿ ರೂಪಿಸಿದ ವಿಧಾನದ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರೊಳಗಿನ ಪುಟ್ಟ ಬಡಿಗುಂಡು ಲೋಹಕ್ಕೆ ತಾಗಿ ಪುಟಿಯುತ್ತದೆ. ಪುಟಿದ ವೇಗವನ್ನು ತಾಗಿದ ವೇಗದಿಂದ ಭಾಗಿಸಿ 1000ದಿಂದ ಗುಣಿಸಿದರೆ ಗಡಸುತನದ ಅಂಕ ಸಿಗುತ್ತದೆ. ಮೇಲ್ಮೈ ನುಣುಪಾಗಿರಬೇಕು, ಭಾಗ ತೆಳುವಾಗಿರಬಾರದು, ಹಲವೆಡೆ ಅಳೆಯಬೇಕು. ಇಲ್ಲವಾದರೆ ಅಂಕವೇ ಮೋಸ ಮಾಡೀತು.

ಕಾಲೇಜಿಗೊಂದು ಇಂತಹ ಉಪಕರಣವಿದ್ದು, ವಿದ್ಯಾರ್ಥಿಗಳು ಅದನ್ನು ಗಿರಣಿಗೆ ಕೊಂಡೊಯ್ಯುವಂತಾಗಬೇಕೆಂಬುದು ನಮ್ಮ ಅಭಿಪ್ರಾಯ. ಚೆಂಡು ಪುಟಿಯುವ ಪಾಠವನ್ನು ಪರೀಕ್ಷೆಗಾಗಿ ಓದಿದವರು, ಅದೇ ಪಾಠ ಒಬ್ಬನ ಕೈಕಾಲನ್ನು ಉಳಿಸೀತೆಂಬುದನ್ನು ಅಲ್ಲಿ ಅರಿಯುವರು.