ಕಮಾನಿನ ಹಿಂದಿನ ಗೋಡೆ

ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಈ ವಾರ ನಮ್ಮ ಪುಟವನ್ನು ಮಗುಚಿ ನೇರವಾಗಿ ಧಾರಾವಾಹಿಗೆ ಹೋಗಬಹುದು. ಅವರ ಮೇಲೆ ನಮಗೆ ಮುನಿಸಿಲ್ಲ. ಆದರೆ ಮನೆಯ ಹುಡುಗ ನಡುರಾತ್ರಿಯವರೆಗೂ ಕಂಪ್ಯೂಟರಿನ ಮುಂದೆ ಕುಳಿತು ಏನು ಮಾಡುತ್ತಾನೆಂದು ಕಳವಳಪಡುವವರು ಸ್ವಲ್ಪ ನಿಲ್ಲುವುದು ಒಳ್ಳೆಯದು. ಅವನು ಆಡುತ್ತಿರಬಹುದು, ಕಟ್ಟುತ್ತಿರಲೂಬಹುದು. ಎರಡನೆಯದಾಗಿದ್ದರೆ ಅವನು ತೊಡಗಿರುವುದು ವಾಸ್ತುಶಿಲ್ಪಕ್ಕೆ ತೀರ ಸಮೀಪದ ಒಂದು ವಿದ್ಯೆ. ಅದರಲ್ಲಿ ಗೋಡೆಯುಂಟು, ಕಂಬವುಂಟು, ಕಮಾನುಂಟು, ಗುಮ್ಮಟವುಂಟು. ಇಟ್ಟಿಗೆ, ಗಾರೆ, ಕೂಲಿ ಮಾತ್ರ ಇಲ್ಲ.

ಪರದೆಯೇ ಆಟಗಾರನ ಕಣ್ಣಾಗಿ, ಅದರ ಕೆಳಗಂಚಿನಲ್ಲಿ ಬಂದೂಕಿನ ಮೂತಿಯಷ್ಟೇ ಕಾಣುತ್ತ, ಹಜಾರದಿಂದ ಹಜಾರಕ್ಕೆ ಓಡುವ ಆಟಗಳಿಗೆ ಫಸ್ಟ್ ಪರ್ಸನ್ ಶೂಟರ್ ಎಂದು ಹೆಸರು. ಓಡುವ ಆ ಸ್ಥಳವೇ ಲೆವೆಲ್. ಬಳಕೆಯ ಮಾತಿನಲ್ಲಿ ಮ್ಯಾಪ್. ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆ ೧೯೯೩ರ ಡಿಸೆಂಬರಿನಲ್ಲಿ 'ಡೂಮ್' ಎಂಬ ಆಟವನ್ನು ಹೊರತಂದಾಗ, ಆಟದ ಯಂತ್ರವನ್ನೂ ಆಟದ ಸ್ಥಳಗಳನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟಿತು. ಮರುವರ್ಷವೇ ಅಭಿಮಾನಿಗಳು ತಮ್ಮದೇ ಸಲಕರಣೆಗಳನ್ನು ಬರೆದುಕೊಂಡು ತಮ್ಮದೇ ಕೋಟೆಗಳನ್ನು ಕಟ್ಟತೊಡಗಿದರು. ಆದರೆ ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ನಿಲ್ಲಲಾರದು; ಅದು ಕಾಗದದ ಮೇಲಿನ ನಕ್ಷೆಯನ್ನೇ ಎತ್ತಿ ನಿಲ್ಲಿಸಿದಂತಹ ಲೋಕ. ೧೯೯೬ರ 'ಕ್ವೇಕ್' ಈ ಕೊರತೆಯನ್ನು ನೀಗಿತು. ಅಲ್ಲಿ ಎಲ್ಲವನ್ನೂ ಬ್ರಷ್ ಎಂಬ ದಿಮ್ಮಿಗಳಿಂದ ಕಟ್ಟಬೇಕು. ಬ್ರಷ್ಷಿನ ನಿಯಮ ಕಟ್ಟುನಿಟ್ಟಾದದ್ದು: ಮುಖಗಳೆಲ್ಲ ಚಪ್ಪಟೆ, ಯಾವ ಮೂಲೆಯೂ ಒಳಕ್ಕೆ ತಗ್ಗುವಂತಿಲ್ಲ. ಕಮಾನು ಬೇಕೆಂದರೆ ಕಲ್ಲುಕುಟಿಗನಂತೆ ಬೆಣೆಯಾಕಾರದ ದಿಮ್ಮಿಗಳನ್ನು ಕಡಿದು ಒಂದರ ಮಗ್ಗುಲಿಗೆ ಒಂದನ್ನು ಜೋಡಿಸತಕ್ಕದ್ದು. ಎಷ್ಟು ಜೋಡಿಸಿದರೂ ಹತ್ತಿರ ಹೋದಾಗ ಆ ಕಮಾನು ಮುರುಕು ಮುರುಕಾಗಿಯೇ ಕಾಣುತ್ತಿತ್ತು.

೧೯೯೯ರ ಡಿಸೆಂಬರಿನಲ್ಲಿ ಬಂದ 'ಕ್ವೇಕ್ ೩ ಅರೀನಾ' ಬ್ರಷ್ಷಿನ ಜೊತೆಗೆ ಇನ್ನೊಂದು ಸಾಮಗ್ರಿಯನ್ನು ಕೊಟ್ಟಿತು. ಅದೇ ಪ್ಯಾಚ್, ಅಂದರೆ ಬಾಗಬಲ್ಲ ಹಾಳೆ. ಇದರ ವಂಶಾವಳಿ ಸ್ವಾರಸ್ಯವಾಗಿದೆ. ಫ್ರಾನ್ಸಿನ ಸಿಟ್ರೊಯೆನ್ ಕಾರಿನ ಕಾರ್ಖಾನೆಯಲ್ಲಿ ಪಾಲ್ ದ ಕಾಸ್ಟೆಲ್ಜೊ ಎಂಬ ಗಣಿತಜ್ಞ ೧೯೫೯ರಲ್ಲಿ, ಕಾರಿನ ಮೈಯ ಬಾಗುಗಳನ್ನು ಕೆಲವೇ ಬಿಂದುಗಳಿಂದ ನಿರ್ಣಯಿಸುವ ವಿಧಾನವನ್ನು ಕಂಡುಹಿಡಿದ. ಕಾರ್ಖಾನೆಯವರು ಅದನ್ನು ವ್ಯಾಪಾರದ ಗುಟ್ಟೆಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಎದುರಾಳಿ ಸಂಸ್ಥೆಯಾದ ರೆನೋದಲ್ಲಿದ್ದ ಎಂಜಿನಿಯರ್ ಪಿಯೇರ್ ಬೆಜಿಯೇ ಸ್ವತಂತ್ರವಾಗಿ ಅದೇ ಫಲವನ್ನು ಮುಟ್ಟಿ, ೧೯೬೦ರ ದಶಕದಲ್ಲಿ ಲೋಕಕ್ಕೆ ಪ್ರಕಟಿಸಿದ. ಹೀಗಾಗಿ ಬಾಗಿಗೆ ಬೆಜಿಯೇ ವಕ್ರರೇಖೆಯೆಂಬ ಹೆಸರೇ ನಿಂತಿತು. ಬೀಗ ಹಾಕಿದವರಿಗೆ ದಕ್ಕಿದ್ದು ಗುಟ್ಟು ಮಾತ್ರ. ಬೆಜಿಯೇ ತೀರಿಕೊಂಡದ್ದು ೧೯೯೯ರ ನವೆಂಬರಿನಲ್ಲಿ. ಮುಂದಿನ ತಿಂಗಳೇ ಅವನ ರೇಖೆ ಪ್ರಪಂಚದ ಅಸಂಖ್ಯ ಹುಡುಗರ ಕೈಗೆ ಬಂದಿತು.

ಅದರ ಕೀಲು ಬಹು ಸುಲಭ. ಓದುಗರು ಒಂದು ಕಾಗದವನ್ನು ತೆಗೆದುಕೊಂಡು ಮೂರು ಚುಕ್ಕೆಗಳನ್ನಿಡಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಗೆರೆ, ಎರಡನೆಯದಕ್ಕೂ ಮೂರನೆಯದಕ್ಕೂ ಒಂದು ಗೆರೆ. ಎರಡು ಗೆರೆಗಳ ನಡುಬಿಂದುಗಳನ್ನು ಗುರುತಿಸಿ ಅವನ್ನು ಮತ್ತೊಂದು ಗೆರೆಯಿಂದ ಸೇರಿಸಿದರೆ, ಆ ಹೊಸ ಗೆರೆಯ ನಡುಬಿಂದು ನಮ್ಮ ಬಾಗಿನ ಮೇಲಿರುತ್ತದೆ. ನಡುವಿಗೆ ಬದಲಾಗಿ ಕಾಲುಭಾಗ, ಮುಕ್ಕಾಲುಭಾಗಗಳಲ್ಲಿ ಇದೇ ಆಟವನ್ನಾಡಿದರೆ ಬಾಗಿನ ಉಳಿದ ಬಿಂದುಗಳು ದೊರೆಯುತ್ತವೆ. ಬಾಗು ಮೊದಲ ಚುಕ್ಕೆಯಲ್ಲಿ ಹುಟ್ಟಿ ಕೊನೆಯ ಚುಕ್ಕೆಯಲ್ಲಿ ಮುಗಿಯುತ್ತದೆ. ನಡುವಿನ ಚುಕ್ಕೆಯನ್ನು ಮಾತ್ರ ಮುಟ್ಟುವುದಿಲ್ಲ. ಗಾಳಿಪಟದ ಬಿದಿರುಕಡ್ಡಿಯನ್ನು ದಾರ ಎಳೆದು ಬಗ್ಗಿಸುವಂತೆ, ಅದು ದೂರದಿಂದಲೇ ಬಾಗನ್ನು ತನ್ನತ್ತ ಸೆಳೆಯುತ್ತದೆ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಹೀಗೆ ಒಂಬತ್ತು ಚುಕ್ಕೆಗಳಾದರೆ ಒಂದು ಪ್ಯಾಚ್ ಸಿದ್ಧ. ಹೆಚ್ಚು ಬೇಕಾದರೆ ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲೇ ಬೆಳೆಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಮೂರು ಚುಕ್ಕೆಗಳ ಈ ಬಾಗಿನಿಂದ ನಿಜವಾದ ವೃತ್ತ ಎಂದೂ ಹುಟ್ಟಲಾರದು. ನಾಲ್ಕು ಕಾಲುಭಾಗಗಳನ್ನು ಸೇರಿಸಿ ಕಂಬ ಮಾಡಿದರೆ ಪ್ರತಿ ಕಾಲುಭಾಗದ ನಡುವೆ ಅದು ವೃತ್ತಕ್ಕಿಂತ ಶೇಕಡ ೬ರಷ್ಟು ಹೊರಕ್ಕೆ ಉಬ್ಬುತ್ತದೆ. ೬೪ ಮಾನಗಳ ತ್ರಿಜ್ಯದ ಕಂಬದಲ್ಲಿ ಈ ಉಬ್ಬು ಸುಮಾರು ೪ ಮಾನ. ಕಣ್ಣಿಗೆ ಇದು ತಿಳಿಯದು. ಆದರೆ ಅದರ ಸುತ್ತ ಬ್ರಷ್ಷಿನಿಂದ ಲೆಕ್ಕಹಾಕಿ ಒಂದು ಉಂಗುರವನ್ನು ತೊಡಿಸಹೊರಟಾಗ ಒಂದು ಕಡೆ ಬಿರುಕು, ಇನ್ನೊಂದು ಕಡೆ ಇರುಕು. ಎಂಟು ಭಾಗ ಮಾಡಿದರೆ ತಪ್ಪು ಶೇಕಡ ೦.೩ಕ್ಕೆ ಇಳಿಯುತ್ತದೆ. ಆದರೆ ಬಿಂದುಗಳು ಹೆಚ್ಚಿದಷ್ಟೂ ಯಂತ್ರಕ್ಕೆ ಹೊರೆ ಹೆಚ್ಚು. ಎಲ್ಲಿ ನಾಲ್ಕು ಸಾಕು, ಎಲ್ಲಿ ಎಂಟು ಬೇಕು ಎಂಬ ವಿವೇಚನೆಯಿಂದಲೇ ಈ ವಿದ್ಯೆ ಆರಂಭವಾಗುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಹೊಸಬನು ಪ್ಯಾಚ್ ಸಿಕ್ಕಿದ ಸಂಭ್ರಮದಲ್ಲಿ ಗೋಡೆಯನ್ನೂ ಬಾಗಿಸುತ್ತಾನೆ, ಚಾವಣಿಯನ್ನೂ ಬಾಗಿಸುತ್ತಾನೆ. ಎಡಿಟರಿನಲ್ಲಿ ಅದು ಅರಮನೆಯಂತೆ ಕಾಣುತ್ತದೆ. ಆಮೇಲೆ ಕಂಪೈಲ್ ಎಂಬ ಘಟ್ಟ. ಅಲ್ಲಿ ಮೂರು ಕೆಲಸಗಳಿವೆ: ಜಾಗವನ್ನು ಗೂಡುಗಳಾಗಿ ಒಡೆಯುವುದು, ಯಾವ ಗೂಡಿನಿಂದ ಯಾವ ಗೂಡು ಕಾಣುತ್ತದೆಂದು ಪಟ್ಟಿ ಮಾಡುವುದು, ಬೆಳಕನ್ನು ಲೆಕ್ಕಹಾಕಿ ಗೋಡೆಗಳ ಮೇಲೆ ಬಳಿಯುವುದು. ನಡುವಿನ ಪಟ್ಟಿಯೇ ಆಟದ ಪ್ರಾಣ. ಆಟಗಾರನು ನಿಂತ ಗೂಡಿನಿಂದ ಕಾಣದ ಯಾವುದನ್ನೂ ಯಂತ್ರ ಚಿತ್ರಿಸಲು ಹೋಗುವುದಿಲ್ಲ. ಅದರಿಂದಲೇ ಓಟಕ್ಕೆ ವೇಗ ಬರುವುದು. ಈ ಲೆಕ್ಕದಲ್ಲಿ ಪ್ಯಾಚಿಗೆ ಬೆಲೆಯೇ ಇಲ್ಲ. ನಮ್ಮ ಕಣ್ಣಿಗೆ ಗಟ್ಟಿಗೋಡೆಯಾದದ್ದು ಆ ಲೆಕ್ಕಿಗನಿಗೆ ಬರಿಯ ಬಯಲು. ಬಾಗಿದ ಗೋಡೆಗಳಿಂದಲೇ ಮುಚ್ಚಿದ ಹಜಾರ ಅವನ ದೃಷ್ಟಿಯಲ್ಲಿ ತೂತು ಬಿದ್ದ ಕೊಡ. 'ಸೋರುತ್ತಿದೆ' ಎಂದು ಹೇಳಿ, ಒಳಗಿನಿಂದ ಹೊರಗಿನ ಶೂನ್ಯಕ್ಕೆ ಹೋಗುವ ದಾರಿಯನ್ನು ಒಂದು ಗೆರೆಯಾಗಿ ಎಳೆದು ತೋರಿಸುತ್ತಾನೆ. ಎರಡು ತಿಂಗಳು ಬೆವರು ಸುರಿಸಿದವನಿಗೆ ಆ ಗೆರೆಯಷ್ಟು ನಿಷ್ಠುರವಾದ ವಿಮರ್ಶೆ ಬೇರೊಂದಿಲ್ಲ.

ಆದಕಾರಣ ಬಲ್ಲವರು ಮೊದಲು ಕಟ್ಟುವುದು ಬಾಗನ್ನಲ್ಲ. ಚಪ್ಪಟೆ ಬ್ರಷ್ಷುಗಳಿಂದ ಬೋಳುಬೋಳಾದ ಪೆಟ್ಟಿಗೆಗಳನ್ನು ಕಟ್ಟಿ, ಅವು ಸೋರದಂತೆ ಮುಚ್ಚಿ, ಆಡಿ ನೋಡುತ್ತಾರೆ. ಆ ಪೆಟ್ಟಿಗೆಗಳಿಗೆ 'ಕಾಕ್' ಎಂಬ ವಿಶೇಷ ಬಣ್ಣ ಬಳಿಯುವುದುಂಟು. ಕಾಕ್ ಬಳಿದ ಮುಖವನ್ನು ಯಂತ್ರ ಚಿತ್ರಿಸುವುದಿಲ್ಲವಾದ್ದರಿಂದ ಅದಕ್ಕೆ ವೆಚ್ಚವಿಲ್ಲ. ಆದರೆ ಅದು ನೋಟವನ್ನು ತಡೆಯುತ್ತದೆ, ಸೋರಿಕೆಯನ್ನು ತಡೆಯುತ್ತದೆ. ಕೊನೆಗೆ ಅದರ ಮುಂದೆ ಪ್ಯಾಚಿನ ಕಮಾನು. ನೋಡುವವನು ಕಮಾನನ್ನು ಹೊಗಳುತ್ತಾನೆ. ಭಾರವನ್ನು ಹೊತ್ತದ್ದು ಹಿಂದಿನ ಗೋಡೆ. ಸಣ್ಣಪುಟ್ಟ ಅಲಂಕಾರದ ಬ್ರಷ್ಷುಗಳಿಗೂ 'ಡೀಟೇಲ್' ಎಂಬ ಗುರುತು ಹಚ್ಚಿದರೆ ಅವು ಗೂಡುಗಳನ್ನು ಚೂರುಚೂರು ಮಾಡುವುದಿಲ್ಲ. ಈ ಗುರುತನ್ನು ಮರೆತ ಮ್ಯಾಪಿನ ಪಟ್ಟಿ ಸಿದ್ಧವಾಗಲು ರಾತ್ರಿಯೆಲ್ಲ ಕಾಯಬೇಕಾದೀತು.

ಕಮಾನನ್ನು ಗೋಡೆಗೆ ಸೇರಿಸುವ ಜಾಗದಲ್ಲಿಯೂ ಎಚ್ಚರ ಬೇಕು. ಪ್ಯಾಚ್ ಎಷ್ಟು ಚಪ್ಪಟೆ ತುಂಡುಗಳಾಗಿ ಒಡೆಯುತ್ತದೆಂಬುದು ಕಟ್ಟಿದವನ ಕೈಯಲ್ಲಿಲ್ಲ. ಅದು ಆಟಗಾರನ ಕಂಪ್ಯೂಟರಿನ ಏರ್ಪಾಟನ್ನೂ, ಅವನು ನಿಂತ ದೂರವನ್ನೂ ಅವಲಂಬಿಸಿದೆ. ದೂರ ಹೋದಂತೆಲ್ಲ ತುಂಡುಗಳು ಕಡಿಮೆಯಾಗುತ್ತವೆ. ಕಮಾನಿನ ಅಂಚಿಗೆ ಬ್ರಷ್ಷನ್ನು ಹೊಂದಿಸಿ ಕಡಿದಿದ್ದರೆ, ಅಂಚು ಬದಲಾದಾಗ ನಡುವೆ ಬಿರುಕು ಮಿನುಗುತ್ತದೆ. ಕಮಾನಿನ ಮೇಲಿನ ಮುಖಫಲಕವನ್ನೂ ಪ್ಯಾಚಿನಿಂದಲೇ ಮಾಡಿ, ಅಂಚಿನ ಬಿಂದುಗಳು ಎರಡಕ್ಕೂ ಒಂದೇ ಆಗುವಂತಿಟ್ಟರೆ ಎರಡೂ ಒಟ್ಟಿಗೆ ಒಡೆಯುತ್ತವೆ, ಒಟ್ಟಿಗೆ ಕೂಡುತ್ತವೆ.

ಇಷ್ಟೆಲ್ಲ ಬಾಗು ಯಾರಿಗಾಗಿ? ಆಟದೊಳಗಿನ ವೀರನಿಗಂತೂ ಅಲ್ಲ. ಪರದೆಯ ಮೇಲೆ ಅವನಿಗೆ ತೋಳುತೊಡೆಗಳಿದ್ದರೂ ಯಂತ್ರದ ಲೆಕ್ಕದಲ್ಲಿ ಅವನೊಂದು ಪೆಟ್ಟಿಗೆ: ಅಗಲ ೩೦, ದಪ್ಪ ೩೦, ಎತ್ತರ ೫೬ ಮಾನ. ಅವನು ಎತ್ತ ತಿರುಗಿದರೂ ಪೆಟ್ಟಿಗೆ ತಿರುಗುವುದಿಲ್ಲ. ೧೮ ಮಾನದ ಮೆಟ್ಟಿಲನ್ನು ತಾನಾಗಿ ಏರುತ್ತಾನೆ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಾದರೂ ನೆಗೆಯಬೇಕು. ಸೆಕೆಂಡಿಗೆ ೩೨೦ ಮಾನ ಓಡುವ ಈ ಪೆಟ್ಟಿಗೆ ಕೆತ್ತನೆಯ ಕಂಬಪೀಠಕ್ಕೆ ಮೂಲೆ ತಗುಲಿಸಿಕೊಂಡು ಅರೆಕ್ಷಣ ನಿಂತರೆ ಸಾಕು, ಹಿಂದಿನಿಂದ ಬಂದವನ ಗುಂಡು ತಗುಲಿತು. ಸತ್ತವನು ಶಪಿಸುವುದು ಗುಂಡು ಹೊಡೆದವನನ್ನಲ್ಲ, ಕಂಬ ಕಟ್ಟಿದವನನ್ನು. ಆ ಶಾಪ ನ್ಯಾಯವಾದದ್ದೇ ಎಂಬುದು ನಮ್ಮ ಅಭಿಪ್ರಾಯ. ಇದಕ್ಕಾಗಿ 'ಕ್ಲಿಪ್' ಎಂಬ ಕಾಣದ ಬ್ರಷ್ಷುಂಟು. ಅದು ಗುಂಡನ್ನು ಬಿಟ್ಟು ಮೈಯನ್ನು ಮಾತ್ರ ತಡೆಯುತ್ತದೆ. ಕಂಬಸಾಲಿನ ಮುಂದೆ ಅದನ್ನು ನೇರವಾಗಿ ಹಾಸಿದರೆ ಆಟಗಾರ ಕೆತ್ತನೆಯನ್ನು ನೋಡುತ್ತಲೇ ಅಡೆತಡೆಯಿಲ್ಲದೆ ಜಾರಿಹೋಗುತ್ತಾನೆ. ಬಾಗನ್ನು ಕಣ್ಣು ನಿಲ್ಲುವೆಡೆಯಲ್ಲಿ, ಅಂದರೆ ಚಾವಣಿಯಲ್ಲಿ, ಬಾಗಿಲ ನೆತ್ತಿಯಲ್ಲಿ, ದೂರದ ಗೋಪುರದಲ್ಲಿ ಧಾರಾಳವಾಗಿ ಬಳಸಿ, ಕಾಲು ಓಡುವೆಡೆಯಲ್ಲಿ ಜಿಪುಣನಾಗುವವನೇ ಜಾಣ.

ಹಾಗೆ ಖರ್ಚು ಮಾಡಿದ ಬಾಗು ಬೆಳಕಿನಲ್ಲಿ ಬಡ್ಡಿ ಸಹಿತ ಹಿಂತಿರುಗುತ್ತದೆ. ಚಪ್ಪಟೆ ಗೋಡೆಯ ಮೇಲೆ ದೀಪ ಒಂದು ಮಚ್ಚೆಯಂತೆ ಬೀಳುವುದಾದರೆ, ಕಮಾನಿನ ಒಡಲಿನಲ್ಲಿ ಅದು ಹೊನ್ನಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಮೆಲ್ಲಗೆ ಇಳಿಯುತ್ತದೆ.

೨೦೦೫ರ ಆಗಸ್ಟಿನಲ್ಲಿ ಇಡ್ ಸಂಸ್ಥೆ ಈ ಆಟಯಂತ್ರದ ಮೂಲಬರಹವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಬೇರೆ ಆಟಗಳು ಇದೇ ಯಂತ್ರದ ಮೇಲೆ ಬೆಳೆದಿದ್ದವು. ೨೦೦೩ರ 'ಕಾಲ್ ಆಫ್ ಡ್ಯೂಟಿ' ಅವುಗಳಲ್ಲೊಂದು. ಈಚಿನ ಆಟಗಳಲ್ಲಿ ಬೇರೆ ಸಲಕರಣೆಗಳಿಂದ ಕಡೆದ ಮೂರ್ತಿಗಳನ್ನು ತಂದು ನಿಲ್ಲಿಸುವುದೇ ರೂಢಿ. ಆದರೂ ಕಲಿಯಬಯಸುವ ಹುಡುಗನಿಗೆ ಹಳೆಯ ದಾರಿಯೇ ಒಳ್ಳೆಯದೆಂದು ನಮಗೆ ತೋರುತ್ತದೆ. ಜಿಟಿಕೆ ರೇಡಿಯಂಟ್ ಎಂಬ ಎಡಿಟರಿಗೆ ಬೆಲೆ ಕೊಡಬೇಕಾಗಿಲ್ಲ. ಅದರ ಮ್ಯಾಪ್ ಕಡತ ಬರಿಯ ಅಕ್ಷರ ಅಂಕಿಗಳದ್ದು, ಯಾರು ಬೇಕಾದರೂ ತೆರೆದು ಓದಬಹುದು. ಒಂದು ಬಿಂದುವಿಗೆ ಐದು ಅಂಕಿ: ಮೂರು ಸ್ಥಾನವನ್ನೂ ಎರಡು ಮೇಲಿನ ಚಿತ್ರದ ಹೊಂದಿಕೆಯನ್ನೂ ಹೇಳುತ್ತವೆ. ಒಂಬತ್ತು ಬಿಂದುಗಳ ಬಾಗು ನಲವತ್ತೈದು ಅಂಕಿಗಳಲ್ಲಿ ಮುಗಿದುಹೋಯಿತು. ಅನುಭವಸ್ಥನೊಬ್ಬ ಕಟ್ಟಿದ ಮ್ಯಾಪಿನ ಇಂಥ ಕಡತ ಕೈಗೆ ಸಿಕ್ಕಿದರೆ, ಎಡಿಟರಿನಲ್ಲಿ ಪ್ಯಾಚುಗಳನ್ನು ಮರೆಮಾಡುವ ಆಜ್ಞೆಯೊಂದಿದೆ, ಅದನ್ನು ಒತ್ತಿ ನೋಡಬೇಕು. ಕಮಾನುಗಳೂ ಗುಮ್ಮಟಗಳೂ ಒಮ್ಮೆಲೇ ಮಾಯವಾಗಿ, ಮೂಲೆಮೂಲೆಯೂ ಮುಚ್ಚಿದ, ಸೋರದ, ಯಾರೂ ಎಂದೂ ನೋಡದ ನೆಟ್ಟನೆಯ ಗೋಡೆಗಳು ಎದುರಿಗೆ ನಿಲ್ಲುತ್ತವೆ.