ಬೀಡಿ ಸೇದ್ತೀಯಾ ಅಂತ ಕೇಳೋರು ಯಾರು?

ನಮ್ಮಪ್ಪನಿಗೆ ಆ ಪ್ರಶ್ನೆ ಕೇಳಿದ್ದು ಒಬ್ಬ ಸರ್ಕಾರಿ ಡಾಕ್ಟರು. ಕೇಳಿದ್ರು ಅನ್ನೋದಕ್ಕಿಂತ ಬೈದ್ರು ಅನ್ನಬೇಕು. "ನಿಮ್ಮ ಕೇರಿಯವರೆಲ್ಲ ಇಷ್ಟೇ, ಬೀಡಿ ಬಿಡಲ್ಲ, ಆಮೇಲೆ ಕೆಮ್ಕೊಂಡು ಇಲ್ಲಿಗೆ ಬರ್ತೀರಿ." ಬರೆದುಕೊಟ್ಟ ಚೀಟಿಯಲ್ಲಿ ಕೆಮ್ಮಿನ ಔಷಧಿ ಇತ್ತು, ಬೀಡಿ ಬಿಡೋದಕ್ಕೆ ಏನೂ ಇರಲಿಲ್ಲ. ಅವತ್ತಿಂದ ಅಪ್ಪ ಯಾವ ಆಸ್ಪತ್ರೆಗೆ ಹೋದ್ರೂ "ಬಿಟ್ಟಿದೀನಿ ಸಾಮಿ" ಅಂತಲೇ ಹೇಳ್ತಿದ್ದ. ಜೇಬಲ್ಲಿ ಕಟ್ಟು ಇರ್ತಿತ್ತು.

ಅಪ್ಪನಿಗೆ ಬೀಡಿ ಕಲಿಸಿದ್ದು ಜೀತಕ್ಕಿದ್ದ ಮನೆ. ವರ್ಷಕ್ಕಿಷ್ಟು ರಾಗಿ, ಒಂದು ಜೊತೆ ಬಟ್ಟೆ, ದಿನಕ್ಕಿಷ್ಟು ಬೀಡಿ. ಕೂಲಿಯ ಲೆಕ್ಕದಲ್ಲೇ ಬೀಡಿ ಬರ್ತಿತ್ತು. ಇದು ಯಾವ ಡಾಕ್ಟರ ಫೈಲಿನಲ್ಲೂ ಇಲ್ಲ.

ಇದೆಲ್ಲ ಮತ್ತೆ ನೆನಪಾಗಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಆರೋಗ್ಯ ಕೇಂದ್ರಗಳ ಬಗ್ಗೆ ಓದ್ತಾ ಇರೋವಾಗ. ಅಲ್ಲೂ ಇದೇ ಕತೆ ಗೆಳೆಯರೇ. ದನದ ಫಾರಂಗಳಲ್ಲಿ, ಮಿಷನ್‌ಗಳಲ್ಲಿ ದುಡಿಸಿಕೊಂಡು ಸಂಬಳದ ಬದಲು ಕೊಡ್ತಿದ್ದದ್ದು ಹಿಟ್ಟು, ಸಕ್ಕರೆ, ಟೀ ಸೊಪ್ಪು ಮತ್ತು ಹೊಗೆಸೊಪ್ಪು. ಆ ವ್ಯವಸ್ಥೆ ಕಳೆದ ಶತಮಾನದ ಅರುವತ್ತರ ದಶಕದವರೆಗೂ ನಡೀತು. 1966ರಲ್ಲಿ ವೇವ್ ಹಿಲ್ ಅನ್ನೋ ಫಾರಂನಿಂದ ಗುರಿಂಜಿ ಜನ ವಿನ್ಸೆಂಟ್ ಲಿಂಗಿಯಾರಿಯ ನಾಯಕತ್ವದಲ್ಲಿ ಕೆಲಸ ಬಿಟ್ಟು ಎದ್ದು ನಡೆದರು. ಶುರುವಾಗಿದ್ದು ಕೂಲಿಗೆ, ಮುಗಿದಿದ್ದು ಭೂಮಿಗೆ. (ನಮ್ಮ ಭೂಮಿ ಹೋರಾಟದ ಗೆಳೆಯರು ಇದನ್ನ ಓದಲೇಬೇಕು, ಇನ್ನೊಂದಿನ ಬರೀತೀನಿ.)

ಇನ್ನೊಂದು ವಿಷಯ. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನ ಸೇರಿಸಬಾರದು ಅಂತ ಅಲ್ಲಿನ ಸಂವಿಧಾನದಲ್ಲೇ ಬರೆದಿತ್ತು. ಅದು ಹೋಗಿದ್ದು 1967ರ ಜನಮತ ಸಂಗ್ರಹದಲ್ಲಿ. ಅಂಥ ಜನ ಇವತ್ತು ತಮ್ಮ ಕ್ಲಿನಿಕ್ಕಿಗೆ ಬರೋ ಒಬ್ಬೊಬ್ಬರನ್ನೂ "ಸಿಗರೇಟು ಸೇದ್ತೀಯಾ?" ಅಂತ ಕೇಳಿ ಬರೆದಿಡ್ತಾರೆ.

ಯಾರ ಕ್ಲಿನಿಕ್ಕು ಅನ್ನೋದೇ ಮುಖ್ಯ. ದೊಡ್ಡಾಸ್ಪತ್ರೆಗಳಲ್ಲಿ ಅವಮಾನ ತಿಂದು ಸಾಕಾಗಿ 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತಾವೇ ಒಂದು ಆರೋಗ್ಯ ಕೇಂದ್ರ ತೆರೆದರು. ಈಗ ಅಂಥ ಸಂಸ್ಥೆಗಳು ದೇಶದಲ್ಲಿ 140ಕ್ಕೂ ಹೆಚ್ಚು. ಆಡಳಿತ ಮಂಡಳಿಯನ್ನ ಆಯ್ಕೆ ಮಾಡೋದು ಆ ಸಮುದಾಯವೇ. ಸರ್ಕಾರದ ದುಡ್ಡು ಇರುತ್ತೆ, ಆದ್ರೆ ಕೀಲಿಕೈ ಇವರ ಹತ್ರ.

ಲೆಕ್ಕ ಇಡೋ ರೀತಿ ಸರಳ. ಎರಡು ವರ್ಷದಲ್ಲಿ ಮೂರು ಸಲ ಬಂದವರನ್ನ ಕಾಯಂ ರೋಗಿ ಅಂತ ಹಿಡೀತಿದ್ರು. ಅವರಲ್ಲಿ ಎಷ್ಟು ಜನರನ್ನ ಕೇಳಿ ದಾಖಲಿಸಿದೀರಿ ಅನ್ನೋದು ಒಂದು ಸಂಖ್ಯೆ. ಎಷ್ಟು ಜನ ಈಗ ಸೇದ್ತಾರೆ, ಎಷ್ಟು ಜನ ಬಿಟ್ಟಿದಾರೆ, ಎಷ್ಟು ಜನ ಯಾವತ್ತೂ ಸೇದಿಲ್ಲ ಅನ್ನೋದು ಇನ್ನೊಂದು. ಬಾಣಂತಿಯರ ಲೆಕ್ಕ ಬೇರೆ. ಆರು ತಿಂಗಳಿಗೊಮ್ಮೆ ವರದಿ ಹೋಗುತ್ತೆ. ಮೊದಲನೇ ಸಂಖ್ಯೆಯನ್ನ ಸ್ವಲ್ಪ ಗಮನಿಸಿ. ಅದು ಅಳೆಯೋದು ಜನರನ್ನಲ್ಲ, ಕ್ಲಿನಿಕ್ಕನ್ನ. ನೀನು ಕೇಳಿದೆಯಾ ಇಲ್ವಾ ಅನ್ನೋ ಪ್ರಶ್ನೆ ಅದು. ನಮ್ಮಲ್ಲಿ ಅಂಕಿಅಂಶ ಅಂದ್ರೆ ಯಾವಾಗ್ಲೂ ಜನರ ತಪ್ಪಿನ ಪಟ್ಟಿ. ಡಾಕ್ಟರ ಹೆಸರಿನ ಮುಂದೆ ಮಾರ್ಕ್ಸ್ ಹಾಕಿದ್ದು ಯಾರಾದ್ರೂ ನೋಡಿದೀರಾ?

ಇದರಲ್ಲೂ ತೊಡಕಿದೆ. ಬರೆದಿಟ್ಟ ಮಾತ್ರಕ್ಕೆ ಯಾರೂ ಸೇದೋದು ಬಿಡಲ್ಲ. ಕಂಪ್ಯೂಟರಲ್ಲಿ ಗುರುತು ಹಾಕೋದು ಸುಲಭ, ಕೂತು ಮಾತಾಡೋದಕ್ಕೆ ಆಳು ಬೇಕು, ಟೈಮ್ ಬೇಕು, ನಿಕೋಟಿನ್ ಪಟ್ಟಿ ಬೇಕು. ಮತ್ತೆ ಕ್ಲಿನಿಕ್ಕಿನ ಲೆಕ್ಕ ಇಡೀ ಸಮುದಾಯದ ಲೆಕ್ಕ ಅಲ್ಲ, ಬಂದವರದ್ದು ಮಾತ್ರ.

ಇಡೀ ಸಮುದಾಯದ್ದು ಬೇಕು ಅಂದ್ರೆ ಮನೆಮನೆ ಸಮೀಕ್ಷೆ ನೋಡಬೇಕು. 15 ದಾಟಿದವರಲ್ಲಿ ದಿನಾ ಸೇದೋರು 2018-19ರಲ್ಲಿ ಶೇ 37 ಇದ್ದರು, 2022-23ರ ಹೊತ್ತಿಗೆ ಶೇ 29. ಇದು ಸಣ್ಣ ಮಾತಲ್ಲ. ಯಾಕಂದ್ರೆ ಅಲ್ಲಿ 45 ದಾಟಿದ ಮೂಲನಿವಾಸಿಗಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ ತಂಬಾಕಿನಿಂದ ಅಂತ 2021ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅರ್ಧ! 2010ರಿಂದ ಇದಕ್ಕಂತಲೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರ ಸಂಯೋಜಕರಾಗಿ ಮುಂದೆ ನಿಂತದ್ದು ಟಾಮ್ ಕಾಲ್ಮಾ, ಅವರೂ ಮೂಲನಿವಾಸಿಯೇ. 2014ರ ಬಜೆಟ್ಟಿನಲ್ಲಿ ಸರ್ಕಾರ ಇದರ ದುಡ್ಡಿಗೇ ಕತ್ತರಿ ಹಾಕಿತ್ತು ಅನ್ನೋದನ್ನೂ ಹೇಳಿಬಿಡಬೇಕು. ಎಲ್ಲ ಕಡೆ ಸರ್ಕಾರಗಳು ಒಂದೇ ತಾಯಿ ಮಕ್ಕಳು.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಯಾರೂ ಕೇಳೋದೇ ಇಲ್ಲ ಅಂತಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ಹಿಡಿದು ಬರ್ತಾರೆ. ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ಪ್ರಶ್ನೆ ಇದೆ, ದಿನಾ ಬಳಸಿದ್ರೆ ಎರಡು ಅಂಕ. ಸೊಂಟದ ಸುತ್ತಳತೆಗೂ ಅಂಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಂಬಾಕಿನ ಅಂಕಿಯನ್ನ ಎಸ್ಸಿ, ಎಸ್ಟಿ ಅಂತ ಬೇರೆ ಮಾಡಿ ಕೊಡುತ್ತೆ. ಅಂದ್ರೆ ದೆಹಲಿಗೆ ಗೊತ್ತಿದೆ. ಕೇರಿಗೆ ಗೊತ್ತಿಲ್ಲ. ನನ್ನ ಹೋಬಳಿಯಲ್ಲಿ ತುಂಬಿಸಿದ ಆ ಫಾರಂಗಳ ಲೆಕ್ಕ ಒಂದು ಸಲವೂ ಕೇರಿಗೆ ವಾಪಸ್ ಬಂದಿದ್ದು ನಾನು ನೋಡಿಲ್ಲ. ಪಾಪ ಆ ಅಕ್ಕನನ್ನ ದೂರೋದು ಬೇಡ, ಆಕೆಗೆ ಗೌರವಧನವೇ ಸರಿಯಾಗಿ ಬರಲ್ಲ.

ಹಿಂದೊಮ್ಮೆ ಈ ಮಾತು ಎತ್ತಿದಾಗ ಒಬ್ಬ ಸಂಗಾತಿ ಸಿಟ್ಟಾದ್ರು. "ನೀವೇ ಲೆಕ್ಕ ಕೊಟ್ರೆ ನಾಳೆ ಅದನ್ನೇ ಹಿಡ್ಕೊಂಡು 'ನೋಡಿ ಇವರ ಬುದ್ಧಿ' ಅಂತಾರೆ" ಅಂದ್ರು. ಅವರ ಭಯ ಸುಳ್ಳಲ್ಲ, ನಮ್ಮಪ್ಪನಿಗೆ ಆಗಿದ್ದೇ ಅದು. ಮ್ಯಾನ್‌ಹೋಲ್‌ಗೆ ಇಳಿಯೋ ಮುಂಚೆ ವಾಸನೆ ತಡೀಲಾರದೆ ಬೀಡಿ ಹಚ್ಚೋನಿಗೆ "ಚಟ" ಅಂತ ಬರೀತಾರೆ, ಇಳಿಸಿದವನ ಹೆಸರು ಬರೆಯಲ್ಲ. ಆದ್ರೆ ಲೆಕ್ಕವೇ ಬೇಡ ಅಂದ್ರೆ ಬಿಡಿಸೋ ಜವಾಬ್ದಾರಿಯಿಂದ ಅವರನ್ನ ನಾವೇ ಬಿಟ್ಟ ಹಾಗೆ. ನನ್ನ ಬೇಡಿಕೆ ಇಷ್ಟು: ಕೇಳಿ. ಕೇಳಿದ್ಮೇಲೆ ಬಿಡಿಸೋಕೆ ಬೇಕಾದ್ದು ಅಲ್ಲೇ ಕೊಡಿ. ಲೆಕ್ಕವನ್ನ ಹೆಸರಿಲ್ಲದೆ ಕೇರಿಗೆ ತೋರಿಸಿ. ನೀವು ಎಷ್ಟು ಜನರನ್ನ ಕೇಳಿದ್ರಿ, ಎಷ್ಟು ಜನರಿಗೆ ಸಹಾಯ ಮಾಡಿದ್ರಿ ಅನ್ನೋದು ಮೊದಲನೇ ಸಾಲಲ್ಲಿರಲಿ.

ಬರೋ ತಿಂಗಳು ನಮ್ಮ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿ ಸಭೆ ಇದೆ. ಈ ಮೂರು ಪ್ರಶ್ನೆ ಬರೆದುಕೊಂಡು ಹೋಗ್ತಿದೀನಿ: ತಂಬಾಕಿನ ಬಗ್ಗೆ ಎಷ್ಟು ಜನರನ್ನ ಕೇಳಿದೀರಿ, ಬಿಡಿಸೋಕೆ ಏನಿಟ್ಟಿದೀರಿ, ಲೆಕ್ಕ ಎಲ್ಲಿ? ನಿಮ್ಮ ನಿಮ್ಮ ಪಿಎಚ್‌ಸಿಗಳಲ್ಲೂ ಕೇಳಿ, ಏನು ಉತ್ತರ ಬಂತು ಅಂತ ಕೆಳಗೆ ಹಾಕಿ.

ಜೈಭೀಮ್.