ತಾಯಿಯ ಹೆಸರಿಗೆ ಸ್ಥಳ

ಪ್ರತಿವರ್ಷವೂ ಶಾಲೆಯು ತೆರೆಯುವ ದಿನಗಳಲ್ಲಿ ನಮ್ಮ ಪ್ರವೇಶ ಪುಸ್ತಕದಲ್ಲಿ ಹುಡುಗಿಯ ಹೆಸರು, ಹುಟ್ಟಿದ ದಿನ, ಊರು ಇವುಗಳನ್ನು ಬರೆಯುವ ವರೆಗೆ ಲೇಖನಿಯು ತಡೆಯಿಲ್ಲದೆ ಸಾಗುವದು. ತಂದೆಯ ಹೆಸರೇನೆಂದು ಕೇಳಿದಾಗ ಒಮ್ಮೊಮ್ಮೆ ಎದುರಿಗೆ ನಿಂತ ತಾಯಿಯು ತಲೆ ತಗ್ಗಿಸುವಳು. ಹುಡುಗಿಯು ಅವಳ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುವಳು. ಆ ಒಂದು ನಿಮಿಷದ ಮೌನವನ್ನು ಕುರಿತು ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಕೆಲವು ಮಾತುಗಳನ್ನಿಡಲು ಬಯಸುತ್ತೇವೆ. ಈ ಮೌನವು ಬಡವರ ಗುಡಿಸಲಿನದು ಮಾತ್ರವೆಂದು ತಿಳಿಯುವದು ತಪ್ಪು. ಅದು ಒಂದು ಕಾಲದಲ್ಲಿ ದೊಡ್ಡ ಮನೆಗಳಲ್ಲಿಯೂ ಇತ್ತೆಂಬದಕ್ಕೆ ಚರಿತ್ರೆಯೇ ಸಾಕ್ಷಿಯಾಗಿದೆ.

ನಮ್ಮ ಗಂಗಾವತಿಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತೆಂಬದನ್ನು ಹಿರಿಯರೆಲ್ಲರೂ ಬಲ್ಲರು. ಆ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ 1798ರಿಂದ 1805ರ ವರೆಗೆ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದವನು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಟೀಪೂ ಸುಲ್ತಾನನ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಪ್ರಕಟಿಸಿದ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇವನ ಅಣ್ಣನು. ಆದರೆ ತಾಯಿ ಬೇರೆ. ಆ ಅಣ್ಣನ ತಾಯಿಗೂ ತಂದೆಗೂ ವಿವಾಹವಾಗಿರಲಿಲ್ಲ. ಹೀಗೆ ಜನ್ಮದ ಪ್ರಶ್ನೆಯು ಆ ಮನೆಗೆ ಹೊಸದಾಗಿರಲಿಲ್ಲ.

ಜೇಮ್ಸನು ಹೈದರಾಬಾದಿನ ಕುಲೀನ ಮನೆತನದ ಖೈರುನ್ನಿಸಾ ಬೇಗಮಳನ್ನು ವರಿಸಿದನು. 1801ರಲ್ಲಿ ಸಾಹಿಬ್ ಆಲಂ ಎಂಬ ಮಗನೂ 1802ರಲ್ಲಿ ನೂರುನ್ನಿಸಾ ಎಂಬ ಮಗಳೂ ಹುಟ್ಟಿದರು. 1805ರಲ್ಲಿ ಆ ಎಳೆಯ ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ವರ್ಷ ತಂದೆಯು ಕಲಕತ್ತೆಯಲ್ಲಿ ತೀರಿಕೊಂಡನು. 1806ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವಾಗಿ, ವಿಲಿಯಂ ಜಾರ್ಜ್ ಎಂದೂ ಕ್ಯಾಥರೀನ್ ಅರೋರಾ ಎಂದೂ ಹೆಸರುಗಳಾದವು. ಹೆಸರು ಬದಲಾಯಿತು, ಆಡುವ ಭಾಷೆಯೂ ಬದಲಾಯಿತು. ತಾಯಿಯಾದರೋ ತನ್ನ ಮಕ್ಕಳ ಮುಖವನ್ನು ಮತ್ತೆ ಕಾಣದೆ 1813ರಲ್ಲಿ ಕಣ್ಣು ಮುಚ್ಚಿದಳು.

ಈ ಮಕ್ಕಳ ಜನ್ಮದ ವಿಷಯದಲ್ಲಿ ಕಾಗದಪತ್ರಗಳು ಹೇಳುವದೇನು? ಜೇಮ್ಸನು ತನ್ನ ಮೃತ್ಯುಪತ್ರದಲ್ಲಿ ಅವರನ್ನು ಕಾಯಿದೆಯ ವಿವಾಹದ ಹೊರಗೆ ಹುಟ್ಟಿದವರೆಂದೇ ಬರೆದಿರುವನು. ಆದರೆ ಅದೇ ಪತ್ರದಲ್ಲಿ ಅವರ ತಾಯಿಯನ್ನು ಹೆಸರು ಹಿಡಿದು, ಗೌರವದಿಂದ ಸ್ಮರಿಸಿರುವನು. ಅವರಿಗೆ ಮುಸಲ್ಮಾನರ ರೀತಿಯಂತೆ ನಿಕಾಹ್ ಆಗಿತ್ತೆಂಬದಕ್ಕೆ ವಿಲಿಯಂ ಡಾಲ್ರಿಂಪಲ್ ಎಂಬ ಇತಿಹಾಸಕಾರರು 2002ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾಕ್ಷ್ಯಗಳನ್ನು ಒಟ್ಟುಗೂಡಿಸಿದ್ದಾರೆ. ಒಂದೇ ಕಾಗದವನ್ನು ನೋಡಿ ತೀರ್ಪು ಕೊಡುವವನು ಎಷ್ಟು ಸುಲಭವಾಗಿ ತಪ್ಪುವನೆಂಬದನ್ನು ಇದರಿಂದ ತಿಳಿಯಬಹುದು. ಕಂಪನಿಯು ಸ್ವತಃ 1791ರಲ್ಲಿ, ತಂದೆತಾಯಿಗಳಲ್ಲಿ ಒಬ್ಬರು ಈ ದೇಶದವರಾಗಿದ್ದರೆ ಅಂಥವರ ಮಗನಿಗೆ ತನ್ನ ಅಧಿಕಾರದ ಹುದ್ದೆಗಳು ಸಲ್ಲವೆಂದು ಕಟ್ಟಳೆ ಮಾಡಿತ್ತು. ತಾಯಿಯ ಹೆಸರು ಮಗನ ಅನ್ನಕ್ಕೆ ಅಡ್ಡಿಯಾಗುವ ಕಾಲದಲ್ಲಿ ಆ ಹೆಸರನ್ನು ಬಚ್ಚಿಡುವವರು ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ.

ಸುರಪುರದ ಆಡಳಿತ ನಡಿಸಿದ ಮೆಡೋಸ್ ಟೇಲರನ ಹೆಸರನ್ನು ನಮ್ಮ ಸೀಮೆಯಲ್ಲಿ ಕೇಳದವರು ವಿರಳ. ಅವನ ಮಾವನಾದ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನು ಜನರಲ್ ಪಾಮರನಿಗೂ ಫೈಜ್ ಬಕ್ಷ್ ಎಂಬ ಬೇಗಮಳಿಗೂ ಹುಟ್ಟಿದವನು. ಆ ಜನರಲನೂ ತನ್ನ ಮೃತ್ಯುಪತ್ರದಲ್ಲಿ ಆಕೆಯ ಹೆಸರನ್ನು ಬರೆದು, ಮೂವತ್ತೈದು ವರ್ಷಗಳಿಗೂ ಮಿಕ್ಕಿದ ಆಕೆಯ ಸಹವಾಸವನ್ನು ಪ್ರೀತಿಯಿಂದ ನೆನೆದನು. ಆದರೆ ಎಲ್ಲ ತಾಯಂದಿರಿಗೂ ಈ ಭಾಗ್ಯವಿರಲಿಲ್ಲ. ಆ ಕಾಲದ ಮೃತ್ಯುಪತ್ರಗಳನ್ನೂ ದೀಕ್ಷಾಸ್ನಾನದ ಪುಸ್ತಕಗಳನ್ನೂ ಪರೀಕ್ಷಿಸಿದ ಇತಿಹಾಸಕಾರ್ತಿ ದುರ್ಬಾ ಘೋಷರು ತೋರಿಸಿರುವಂತೆ, ಅನೇಕ ತಾಯಂದಿರು ಕೇವಲ ದೇಶೀಯ ಸ್ತ್ರೀ ಎಂಬ ಮಾತಿನಲ್ಲಿ ಅಡಗಿಹೋದರು. ಮಗುವಿನ ಹೆಸರುಂಟು, ತಂದೆಯ ಹೆಸರುಂಟು, ಹೆತ್ತವಳಿಗೆ ಹೆಸರಿಲ್ಲ. ಈಗ ಅವರ ಸಂತತಿಯವರು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಕುಳಿತು ಆ ಪತ್ರಗಳ ಪ್ರತಿಗಳನ್ನು ಎಷ್ಟು ತಿರುವಿದರೂ, ಬರೆಯದೆ ಬಿಟ್ಟ ಹೆಸರು ಅಲ್ಲಿ ಸಿಗುವದೆಂತು?

ಹಳೆಯದನ್ನು ಕೆದಕಿ ಪ್ರಯೋಜನವೇನು, ಮುಚ್ಚಿದ್ದು ಮುಚ್ಚಿಯೇ ಇರಲಿ ಎಂದು ಕೆಲವು ಪಾಲಕರು ನಮಗೆ ಹೇಳುವದುಂಟು. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಜೀವಂತರಾಗಿರುವವರ ಮನೆಯ ಗುಟ್ಟನ್ನು ಬೀದಿಗೆ ತರುವದು ಧರ್ಮವಲ್ಲ; ಗಾಳಿಮಾತನ್ನು ಚರಿತ್ರೆಯೆಂದು ನಂಬುವದೂ ಅಲ್ಲ. ಆದರೆ ಮುಚ್ಚಿಡುವದರಿಂದ ನಾಚಿಕೆಯು ಅಳಿಯುವದಿಲ್ಲ. ಹಿರಿಯರ ಹೆಗಲಿನಿಂದಿಳಿದು ಮಗುವಿನ ಹೆಗಲನ್ನೇರುತ್ತದೆ, ಅಷ್ಟೇ. ನೂರುನ್ನಿಸಾ ಆಗಿದ್ದ ಕ್ಯಾಥರೀನಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ತನ್ನ ತಾಯಿಯ ತಾಯಿಯಾದ ಶರಫುನ್ನಿಸಾ ಬೇಗಮಳೊಡನೆ ಪತ್ರವ್ಯವಹಾರ ಮಾಡಿದಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ತಿಳಿಯದು. ಆದರೂ ಅಜ್ಜಿ ಮೊಮ್ಮಗಳ ಕರುಳು ಪರಸ್ಪರ ಗುರುತಿಸಿಕೊಂಡಿತು. ತಾಯಿಯ ಹೆಸರು ಉಳಿದಿದ್ದರಿಂದಲೇ ಇದು ಸಾಧ್ಯವಾಯಿತಲ್ಲವೇ?

ನಮ್ಮ ಸತ್ಯವೇದವನ್ನೇ ನೋಡಿರಿ. ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದ ವಂಶಾವಳಿಯಲ್ಲಿ ತಾಮಾರಳೂ, ರಾಹಾಬಳೂ, ಮೋವಾಬ್ಯಳಾದ ರೂತಳೂ, ಊರೀಯನ ಹೆಂಡತಿಯೂ ಕಾಣಿಸುತ್ತಾರೆ. ಲೋಕವು ಬೆರಳು ಮಾಡಿ ತೋರಿಸಬಹುದಾಗಿದ್ದ ಸ್ತ್ರೀಯರನ್ನು ಸುವಾರ್ತೆಗಾರನು ಬಿಟ್ಟುಬಿಡಲಿಲ್ಲ. ಕರ್ತನ ವಂಶದಲ್ಲಿಯೇ ಅವರಿಗೆ ಸ್ಥಳವಿರುವಲ್ಲಿ ನಮ್ಮ ಪ್ರವೇಶ ಪುಸ್ತಕದಲ್ಲಿ ಸ್ಥಳವಿಲ್ಲವೇ?

ದೇವದಾಸಿಯರನ್ನು ಸಮರ್ಪಿಸುವ ಪದ್ಧತಿಯನ್ನು ಕರ್ನಾಟಕದ ಕಾಯಿದೆಯು 1982ರಲ್ಲಿ ನಿಷೇಧಿಸಿತು. ಆದರೆ ಆ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ನಮ್ಮ ಸೀಮೆಯಲ್ಲಿದ್ದಾರೆ. ಅವಿವಾಹಿತಳಾದ ತಾಯಿಯು ತಂದೆಯ ಹೆಸರನ್ನು ಬಹಿರಂಗಪಡಿಸದೆ ತನ್ನ ಮಗುವಿಗೆ ತಾನೊಬ್ಬಳೇ ಪಾಲಕಳಾಗಬಹುದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಧೀಶರು ಬಿಡಿಸಿದ ಗಂಟನ್ನು ನಾವು ಉಪಾಧ್ಯಾಯಿನಿಯರು ಮತ್ತೆ ಬಿಗಿಯಬಾರದು. ನಾವು ಕೂಡ ಹಿಂದೆ ತುಂಬಿದ ತರಗತಿಯಲ್ಲಿ ತಂದೆಯ ಹೆಸರನ್ನು ಗಟ್ಟಿಯಾಗಿ ಕೇಳಿ, ಒಬ್ಬ ಹುಡುಗಿಯ ಕಣ್ಣಲ್ಲಿ ನೀರು ಬರಿಸಿದ್ದೇವೆ. ಅದನ್ನು ಮರೆಮಾಡದೆ ಒಪ್ಪಿಕೊಳ್ಳುತ್ತೇವೆ. ಅಂದಿನಿಂದ ನಾವು ತಾಯಿಯ ಹೆಸರನ್ನೇ ಮೊದಲು ಕೇಳುತ್ತೇವೆ, ಅದನ್ನೂ ಪ್ರತ್ಯೇಕವಾಗಿ, ಮೆಲ್ಲನೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ನಮ್ಮ ಬಿನ್ನಹವಿಷ್ಟೇ. ನಿಮ್ಮ ಮನೆಯ ಸತ್ಯವೇದದ ಮೊದಲ ಹಾಳೆಯಲ್ಲಾಗಲಿ, ಹಳೆಯ ಪೆಟ್ಟಿಗೆಯ ಕಾಗದದಲ್ಲಾಗಲಿ ನಿಮ್ಮ ತಾಯಿಯ, ಅಜ್ಜಿಯ, ಮುತ್ತಜ್ಜಿಯ ಹೆಸರುಗಳನ್ನು ಅವರ ತವರೂರಿನ ಸಹಿತ ಬರೆದಿಡಿರಿ. ತಿಳಿದದ್ದನ್ನು ತಿಳಿದದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಬರೆಯಿರಿ. ಕರ್ಕ್‌ಪ್ಯಾಟ್ರಿಕನು ಕಟ್ಟಿಸತೊಡಗಿದ ಹೈದರಾಬಾದಿನ ರೆಸಿಡೆನ್ಸಿ ಭವನದೊಳಗೆ 1949ರಲ್ಲಿ ಹೆಣ್ಣುಮಕ್ಕಳ ಕಾಲೇಜು ಬಂದಿತು. ತಾಯಿಯಿಂದ ಮಕ್ಕಳನ್ನು ಅಗಲಿಸಿದ ಮನೆಯಲ್ಲಿ ಎಷ್ಟೋ ತಾಯಂದಿರ ಹೆಣ್ಣುಮಕ್ಕಳು ಅಕ್ಷರ ಕಲಿತರು. ನಮ್ಮ ಶಾಲೆಯ ಬಾಗಿಲಿಗೆ ಬರುವ ಯಾವ ಹುಡುಗಿಯೂ ತಲೆ ತಗ್ಗಿಸಿ ಒಳಗೆ ಬರಬೇಕಾಗದಿರಲಿ ಎಂಬದೇ ನಮ್ಮ ಪ್ರಾರ್ಥನೆ.